ಅತ್ತೆ ಫೋನು ಕಲಿತ ಸುದ್ದಿ

ಇಟ್ಟಮಡು ಕ್ವಾರ್ಟರ್ಸ್, ಬೆಂಗಳೂರು
ಶನಿವಾರ, 15-2-2025

ನನ್ನ ಸೊಸೆ ವನಿತಾಗೆ, ನಿನ್ನತ್ತೆ ಯಲ್ಲಮ್ಮ ತಲೆ ಸವರಿ ಬರೆಯೋದು.

ಹೇಗಿದ್ದೀಯವ್ವಾ? ಮೈಸೂರಿನ ನೀರು ಒಗ್ಗಿತಾ? ಆಸ್ಪತ್ರೆಯ ಆಯಾ ಕೆಲಸ ಅಂದ್ರೆ ನಿಂತೇ ಇರ್ಬೇಕು, ಕಾಲು ಊದ್ಕೊಳ್ಳುತ್ತೆ ಅಂದಿದ್ದೆ. ಮಲಗೋ ಮುಂಚೆ ಬಿಸಿನೀರಿಗೆ ಉಪ್ಪು ಹಾಕಿ ಕಾಲಿಡು, ಸೋಮಾರಿತನ ಮಾಡ್ಬೇಡ. ಹಾಸ್ಟೆಲ್ಲಿನ ಮುದ್ದೆ ಬರೀ ಗಂಟು ಅಂತಿದ್ದೆ, ಈಗಲಾದ್ರೂ ಸರಿಯಾಗಿ ತೊಳಸ್ತಾರಾ? ನಾನು ಚೆನ್ನಾಗಿದ್ದೀನಿ. ಮಂಡಿ ನೋವು ಮಾತ್ರ ಐತೆ, ಅದು ನನ್ನ ಜೊತೆಗೇ ಹೋಗೋದು.

ಭಾನುವಾರ ಭಾನುವಾರ ಫೋನ್ ಮಾಡ್ದಾಗಲೇ ಹೇಳ್ಬಹುದಲ್ಲಾ ಅಂತೀಯೇನೋ. ನಿನ್ನ ದನಿ ಕೇಳ್ತಿದ್ದಂಗೇ ನಂಗೆ ಎಲ್ಲಾ ಮರೆತೋಗುತ್ತೆ. ಊಟ ಆಯ್ತಾ, ಚಳಿ ಐತಾ ಅಂತ ಕೇಳಿ ಇಟ್ಬಿಡ್ತೀನಿ. ಇಟ್ಟ ಮೇಲೆ ಹೇಳ್ಬೇಕಾದ್ದೆಲ್ಲ ಸಾಲಾಗಿ ನೆನಪಾಗುತ್ತೆ. ಸಂಜೆ ಬಾಗಿಲಲ್ಲಿ ಕೂತು ಹೂ ಕಟ್ಟುವಾಗ, ನೀನು ಎದುರಿಗೆ ಕೂತು ಕನಕಾಂಬರ ಜೋಡಿಸಿ ಕೊಡ್ತಿದ್ದೀಯ ಅಂತ್ಲೇ ಕೈ ಚಾಚ್ತೀನಿ ಕಣೇ. ಗಾಳಿಗೆ ಚಾಚಿದಂಗಾಗುತ್ತೆ. ಅದಕ್ಕೇ ಈ ಕಾಗದ. ನಾಲ್ಕನೇ ಕ್ಲಾಸಿನ ಅಕ್ಷರ, ನಗಬೇಡ.

ಸುದ್ದಿ ಏನಪ್ಪಾ ಅಂದ್ರೆ, ನಿನ್ನತ್ತೆ ಫೋನು ಕಲ್ತಳು. ಬರೀ ಹಲೋ ಅನ್ನೋದಲ್ಲ, ಪೂರಾ ಫೋನು. ನಮ್ಮ ಅಂಬೇಡ್ಕರ್ ಭವನಕ್ಕೆ ಶನಿವಾರ ಶನಿವಾರ ಒಂದು ಮಹಿಳಾ ಸಹಕಾರ ಸಂಘದವರು ಬರ್ತಾರೆ. ನಮ್ಮಂಗೆ ಸ್ಲಂ ಬೋರ್ಡಿನ ಮನೇಲಿ ಬಾಡಿಗೆ ಕಟ್ಕೊಂಡು ಇರೋರಿಗೆ ಕಮ್ಮಿ ಬಡ್ಡಿಗೆ ಸಾಲ ಕೊಡ್ತಾರೆ, ಜೊತೆಗೆ ಫೋನಲ್ಲಿ ದುಡ್ಡು ಕಳ್ಸೋದು, ಪಿಂಚಣಿ ಬಂತಾ ನೋಡೋದು ಎಲ್ಲಾ ಹೇಳ್ಕೊಡ್ತಾರೆ. ಸುರಭಿ ಅಂತ ಒಬ್ಳು ಮೇಡಂ, ನಿನ್ನ ವಯಸ್ಸೇ ಇರ್ಬೇಕು. ಮೊದಲ ದಿನ ಫೋನು ನನ್ನ ಮಾತೇ ಕೇಳ್ಲಿಲ್ಲ. ಹೂ ಕಟ್ಟೀ ಕಟ್ಟೀ ಬೆರಳು ಒರಟಾಗಿ, ನಾನು ಒತ್ತಿದ್ರೆ ಅದಕ್ಕೆ ಗೊತ್ತೇ ಆಗ್ತಿರ್ಲಿಲ್ಲ. "ಮೇಡಂ, ಈ ಫೋನಿನ ಕಣ್ಣಿಗೂ ನಾವು ಕಾಣಲ್ವಾ?" ಅಂದೆ. ಎಲ್ಲಾರೂ ನಕ್ರು, ಆ ಹುಡುಗಿ ಮಾತ್ರ ನಗಲಿಲ್ಲ. ನನ್ನ ಬೆರಳು ಹಿಡ್ಕೊಂಡು ಒದ್ದೆ ಬಟ್ಟೇಲಿ ಒರೆಸಿ, "ಈಗ ಒತ್ತಿ ಅಜ್ಜಿ" ಅಂದ್ಲು. ತೆರ್ಕೊಂತು. ಅಲ್ಲೇ ಅತ್ತುಬಿಟ್ಟೆ, ಯಾಕೋ ಗೊತ್ತಿಲ್ಲ.

ನನ್ನ ಮಗ ದೇವರಾಜು ಕೊನೆಗಾಲದಲ್ಲಿ ಆಸ್ಪತ್ರೆಗೆ ಅಂತ ಮಾಡಿದ ಸಾಲ ತೀರಿಸೋಕೆ ತಾನೆ ನೀನು ಅಷ್ಟು ದೂರ ಹೋಗಿದ್ದು? ಆ ಸಾಲ ಸಂಘಕ್ಕೆ ಬದಲಾಯ್ಸಿಕೊಂಡೆ, ಸಂಘದ ದುಡ್ಡು ನನ್ನ ಖಾತೆಗೇ ಬಂತು. ಎದುರು ಮನೆ ಮುನಿಯಕ್ಕ ಜಾಮೀನು ಹಾಕಿದ್ಲು. ವಾರದ ಬಡ್ಡಿಯವನು ಸೋಮವಾರ ಬಂದು, ಎಂದಿನಂಗೆ ಮೆಟ್ಟಿಲ ಮೇಲೆ ನಿಂತು ನಮ್ಮ ಮಾನ ಹರಾಜು ಹಾಕ್ತಿದ್ದ. "ಅಷ್ಟೂ ಈಗಲೇ ಕೊಡ್ತೀನಿ, ನಿನ್ನ ಖಾತೆಗೆ ಹಾಕ್ತೀನಿ ಕಣಪ್ಪಾ" ಅಂದೆ. "ಅದೆಲ್ಲಾ ಬೇಡ, ನೋಟು ಕೊಡಜ್ಜಿ" ಅಂದ. ಕೈಗೆ ಕೊಟ್ರೆ ನಾಳೆ ಕೊಟ್ಟೇ ಇಲ್ಲ ಅಂತಾನೆ, ಗುರುತು ಉಳಿಯೋ ಹಂಗೆ ಕೊಡಿ ಅಂತ ಸುರಭಿ ಮೊದಲೇ ಹೇಳಿದ್ಲು. ನಾನು ಜಗ್ಗಲಿಲ್ಲ. ಅಕ್ಕಪಕ್ಕದ ಬಾಗಿಲೆಲ್ಲ ತೆರ್ಕೊಂಡ್ವು. ಗುಟ್ಟಿನ ನಂಬರು ಒತ್ತಿದೆ, ತಪ್ಪು ಅಂತು. ಅವನು ಮೀಸೆಯಡಿ ನಕ್ಕ. ನಾನು ಸೆರಗಿಗೆ ಬೆರಳು ಒರೆಸ್ಕೊಂಡು ಮತ್ತೆ ಒತ್ತಿದೆ. ಈ ಸಲ ಅವನ ಜೇಬಲ್ಲಿ ಟಣ್ ಅಂತು. ತೆಗೆದು ನೋಡ್ದ, ಇನ್ನೊಂದು ಸಲ ನೋಡ್ದ, ನಾನು ಕೇಳಿದ ಮೇಲೆ ನಮ್ಮ ಸಾಲದ ಪತ್ರ ವಾಪಸ್ ಕೊಟ್ಟು ಮೆಟ್ಟಿಲಿಳಿದ. ಖುಷಿಗೆ ಒಳಕ್ಕೆ ತಿರುಗಿ "ವನಿತಾ, ಹೋದ ಕಣೇ!" ಅಂತ ಕೂಗ್ಬಿಟ್ಟೆ. ಕೂಗಿದ ಮೇಲೆ ಮನೆ ಎಷ್ಟು ಖಾಲಿ ಅಂತ ಗೊತ್ತಾಯ್ತು.

ಸಂಘದ ತಿಂಗಳ ಕಂತು ಹೂವಿನ ದುಡ್ಡಲ್ಲೇ ಹೋಗುತ್ತೆ. ಗ್ಯಾಸು ನಾನೇ ಬುಕ್ ಮಾಡ್ದೆ, ಕರೆಂಟ್ ಬಿಲ್ಲು ನಾನೇ ಕಟ್ದೆ. ಪಿಂಚಣಿ ನಿಂತೋಗುತ್ತೆ, ಓಟಿಪಿ ಹೇಳಿ ಅಂತ ಯಾವನೋ ಫೋನ್ ಮಾಡಿದ್ದ. "ನಿಮ್ಮವ್ವನ ಹತ್ರ ಕೇಳ್ಕೋ ಹೋಗು" ಅಂತ ಇಟ್ಟೆ. ಇನ್ಮೇಲೆ ನನಗೆ ದುಡ್ಡು ಕಳಿಸ್ಬೇಡ. ನಿನ್ನ ಸಂಬಳ ನಿಂದು, ಒಳ್ಳೇ ಚಪ್ಪಲಿ ತಗೋ.

ಮುನಿಯಕ್ಕ ದಿನಾ ನಿನ್ನ ಕೇಳ್ತಾಳೆ. ಹೊತ್ತಿಗೆ ಸರಿಯಾಗಿ ಉಣ್ಣು. ಬನಶಂಕರಮ್ಮ ನಿನ್ನ ಬೆನ್ನಿಗಿರ್ಲಿ, ನನ್ನ ಆಯಸ್ಸೂ ನಿನಗೇ ಇರ್ಲಿ.

ನಿನ್ನ ಅತ್ತೆ
ಯಲ್ಲಮ್ಮ

ಮರೆತೆ ಅಂದ್ಕೋಬೇಡ, ಬರೆಯೋಕೆ ಧೈರ್ಯ ಬರ್ಲಿಲ್ಲ. ಗೌರಿ ಹಬ್ಬಕ್ಕೆ ಬಂದಾಗ ನಲ್ಲಿ ಹತ್ರ ನೀನು ಮುನಿಯಕ್ಕಂಗೆ ಹೇಳಿದ್ದು ನಂಗೆ ಗೊತ್ತು. ಆಸ್ಪತ್ರೆ ಔಷಧಿ ಅಂಗಡಿಯ ರವಿಕುಮಾರ ಮದುವೆ ಕೇಳ್ದ, ನೀನು ಒಲ್ಲೆ ಅಂದೆ. "ನಾನು ಹೋದ್ರೆ ಅತ್ತೆಗೆ ಒಂದು ಬಿಲ್ಲು ಕಟ್ಟೋಕೂ ಬರಲ್ಲ, ಯಾರು ದಿಕ್ಕು?" ಅಂದ್ಯಂತೆ. ಅವಳು ಅದನ್ನ ನಂಗೆ ಹೇಳಿದ ವಾರವೇ ಭವನಕ್ಕೆ ಹೋದೆ ಕಣವ್ವಾ. ನೀನು ವಾಪಸ್ ಬಂದು ನನ್ನ ಮುಂದೆ ಕೂತ್ಕೋಬೇಕು ಅಂತ ದಿನಾ ಆಸೆಯಾಗುತ್ತೆ, ಸುಳ್ಳು ಹೇಳಲ್ಲ. ಆದ್ರೂ ಬರ್ಬೇಡ. ಅವನಿಗೆ ಒಪ್ಗೆ ಅನ್ನು. ನೀನು ಒಂಟಿಯಾಗಿರೋದು ದೇವರಾಜುಗೂ ಇಷ್ಟ ಆಗ್ತಿರ್ಲಿಲ್ಲ. ನಿಂಗೆ ಅಪ್ಪ ಅಮ್ಮ ಇಲ್ಲ, ಹೋಗಿಬರೋಕೆ ಒಂದು ಮನೆ ಬೇಡ್ವಾ? ಮೊದಲ ಹಬ್ಬಕ್ಕೆ ಇಬ್ರೂ ಇಲ್ಲಿಗೇ ಬರ್ಬೇಕು. ಇದು ನಿನ್ನ ಅತ್ತೆ ಮನೆಯಾಗಿದ್ದು ಸಾಕು, ಇನ್ಮೇಲೆ ತವರು.