ಹಾರ್ನಿನ ಮುಖ

ಡಿಸೆಂಬರ್ 16, ಮಂಗಳವಾರ, ಮಸ್ಕಿ

ಜಯಶ್ರೀಗೆ ಕೊಟ್ಟ ಉತ್ತರ ನೆನೆದರೆ ದಿಂಬಿನಲ್ಲಿ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

ನಮ್ಮ ಮೈಕ್‌ಸೆಟ್ ಅಂಗಡಿಯಲ್ಲಿ ಸಂಜೆ ಧ್ವನಿವರ್ಧಕದ ಹಾರ್ನ್ ಪರೀಕ್ಷೆ ಮಾಡುವವನು ನಾನು. ದಿನಾ ಅದೇ ಹಳೆಯ ಯುಗಳಗೀತೆ. ಅವಳು ಮನೆಗೆ ಹೊರಟೆ ಅನ್ನುತ್ತಾಳೆ, ಅವನು ಹೊರಗೆ ಚಳಿ, ಇನ್ನಷ್ಟು ಹೊತ್ತು ಕೂರು ಅನ್ನುತ್ತಾನೆ. ಹಾರ್ನಿನ ಮುಖ ಮಾತ್ರ ಎದುರಿನ ಟೇಲರ್ ಅಂಗಡಿಗೆ, ಅಲ್ಲಿ ಹೊಲಿಯುವ ಜಯಶ್ರೀಗೆ.

"ಬೆವರು ಸುರ್ಯಾಕತ್ತೈತಿ, ನಿನಗೆಲ್ಲಿ ಚಳಿಲೇ?" ಎಂದು ಮಾಲೀಕರು ಗೌಸ್‌ಸಾಬ್ ಬೈಯುತ್ತಾರೆ.

ಇವತ್ತು ಅವಳೇ ರಸ್ತೆ ದಾಟಿ ಬಂದಳು. "ಆ ಹಾಡು ಯಾರಿಗೆ ಹಚ್ಚತೀರಿ?"

ಐದನೇ ಕ್ಲಾಸಿನಲ್ಲಿ ಮಾಸ್ತರರು ಎಬ್ಬಿಸಿ ನಿಲ್ಲಿಸಿದಾಗಲೂ ಹೀಗೇ ಬಾಯಿಗೆ ಬಂದದ್ದನ್ನು ಒದರುತ್ತಿದ್ದೆ. "ಹಾರ್ನಿಗೆ ರೀ," ಎಂದೆ.

ಅವಳು ರಸ್ತೆ ದಾಟಿ ವಾಪಸ್ಸು ಹೋದಳು. ನಾಚಿಕೆಯಿಂದ ಹಾರ್ನನ್ನು ಬಸ್‌ಸ್ಟ್ಯಾಂಡಿನ ಕಡೆ ತಿರುಗಿಸಿ ಪಾನಾ ಹಾಕಿ ಬೋಲ್ಟ್ ಬಿಗಿದೆ. ಅಂಗಡಿಗಿದ್ದ ಆ ಒಂದೇ ಪಾನಾ ಜೇಬಿಗಿಳಿಸಿ ಗೌಸ್‌ಸಾಬ್ ಮನೆಗೆ ಹೋದರು. ಹಾಡು ಮತ್ತೆ ಹಚ್ಚಿದೆ. ಎದುರಿನ ಹೊಲಿಗೆ ಮಷೀನ್ ನಿಂತಿತು. ಜಯಶ್ರೀ ಬಾಗಿಲಿಗೆ ಬಂದಳು.

"ಏನ್ರೀ, ಬಸ್ಸಿಗೆ ಚಳಿ ಹತ್ತೇತೇನು? ಈ ಕಡೆ ತಿರುಗಿಸ್ರಿ!"

ಕೈಯಿಂದಲೇ ಬೋಲ್ಟ್ ತಿರುವಿದೆ. ಬೆರಳು ಸುಲಿದವು, ಹಾರ್ನ್ ಅಲುಗಲಿಲ್ಲ. ಲಿಂಗಸುಗೂರು ಬಸ್ಸಿನವರೆಲ್ಲ ಪೂರ್ತಿ ಹಾಡು ಕೇಳಿದರು.

ಉರಿಯುವ ಬೆರಳಲ್ಲೇ ಬರೆಯುತ್ತಿದ್ದೇನೆ, ನಗುತ್ತಲೂ ಇದ್ದೇನೆ. ಈ ಕಡೆ ಅಂದಳಲ್ಲ! ನಾಳೆ ನಸುಕಿಗೇ ಗೌಸ್‌ಸಾಬರ ಮನೆಗೆ ಹೋಗಿ ಪಾನಾ ಇಸಿದುಕೊಂಡು ಬರಬೇಕು.