ಕಿಟಕಿ ಪಕ್ಕದ ಸೀಟು

ಪ್ರೆಸ್ಸಿನ ಮೇಸ್ತ್ರಿ ಅಣ್ಣನಿಗೆ ನಮಸ್ಕಾರ.

ನೀವು ಏರ್ಪಡಿಸಿದ ಪ್ರವಾಸದಲ್ಲಿ ಬಸ್ಸು ಕೆಟ್ಟಿದ್ದಕ್ಕೆ, ಜಲಪಾತದಲ್ಲಿ ತೊಟ್ಟು ನೀರಿಲ್ಲದ್ದಕ್ಕೆ ನೀವು ಮುಖ ಚಿಕ್ಕದು ಮಾಡಿಕೊಳ್ಳಬೇಡಿ. ಕೋತಿ ಬೈಂಡಿಂಗಿನಕ್ಕನ ಕನ್ನಡಕ ಕಿತ್ತುಕೊಂಡು ಮರ ಹತ್ತಿದಾಗ ನಾನೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ನಮ್ಮ ಯಜಮಾನರು ತೀರಿಕೊಂಡ ಮೇಲೆ ಪ್ರೆಸ್ಸಿನವರ ಜೊತೆ ಇದೇ ಮೊದಲ ಪ್ರವಾಸ. ನನ್ನ ಪಕ್ಕ, ಅವರು ಯಾವಾಗಲೂ ಕೂರುತ್ತಿದ್ದ ಕಿಟಕಿ ಸೀಟನ್ನು ಖಾಲಿ ಬಿಟ್ಟಿರಿ. ಸೀಟು ಸಾಲದೆ ಕೆಲವರು ನಿಂತೇ ಬಂದರು. ಬಂದು ಕೂರಿ ಅಂತ ನಾನು ಕರೆದರೆ, "ಅಯ್ಯೋ ಬೇಡಕ್ಕ, ಅದು ಅಣ್ಣನ ಜಾಗ" ಅಂದರು. ನನಗೆ ನೋವಾದೀತೆಂದು ಯಾರೂ ಹಾಡಲೂ ಇಲ್ಲ.

ಖಾಲಿ ಜಾಗ ಮನೆಯಲ್ಲಿ ಬೇಕಾದಷ್ಟಿದೆ ಅಣ್ಣಾ. ಅದನ್ನು ಬಿಟ್ಟು ಬರೋಣವೆಂದೇ ನಿಮ್ಮ ಬಸ್ಸು ಹತ್ತಿದ್ದೆ.

ಮುಂದಿನ ಸಲ ನನ್ನನ್ನು ಹಿಂದಿನ ಉದ್ದ ಸೀಟಿನಲ್ಲಿ ಎಲ್ಲರ ನಡುವೆ ಕೂರಿಸಿ. ಇಕ್ಕಟ್ಟಾದರೂ ಯಾರೂ ಸರಿಯಬೇಡಿ.

ಇಂತಿ,
ಪ್ರೂಫ್ ನೋಡುವ ನಿಮ್ಮ ತಂಗಿ