ಮಾಮಿ, ನೀವು ನನ್ನ ಖಳನಾಯಕಿ

ನನ್ನ ಮಾಮಿಗೆ,

ಕನ್ನಡದಲ್ಲಿ ಬರೆಯುತ್ತಿದ್ದೇನೆ ಎಂದು ಹೆದರಬೇಡಿ, ಸಿಟ್ಟಿಲ್ಲ. ಮನೆಯಲ್ಲಿ ತುಳು ಮಾತಾಡುತ್ತಿದ್ದ ನೀವು ಸಿಟ್ಟು ಬಂದರೆ ಮಾತ್ರ ಕನ್ನಡಕ್ಕೆ ಬರುತ್ತಿದ್ದಿರಿ. ನೀವು ವಾರ್ಡನ್ ಆಗಿದ್ದ ಹಾಸ್ಟೆಲಿನ ಹುಡುಗಿಯರೊಡನೆ ಆಡುತ್ತಿದ್ದ ಅದೇ ವಾರ್ಡನ್ ಕನ್ನಡ. ನನ್ನಲ್ಲಿ ಒಂದು ತಪ್ಪೊಪ್ಪಿಗೆ ಉಂಟು, ಒಂದು ಸುದ್ದಿಯೂ ಉಂಟು. ಸುದ್ದಿ ಹೇಳಲು ನಾಲಿಗೆ ತುರಿಸುತ್ತಿದೆ, ಆದರೆ ತಪ್ಪೊಪ್ಪಿಗೆ ಮೊದಲು.

ಅಲೆವೂರಿನ ನಿಮ್ಮ ಮನೆಯ ಚಾವಡಿಯಲ್ಲಿ ಭಾನುವಾರ ಮಧ್ಯಾಹ್ನ ನಾವು ದಾಳ ಹಿಡಿದು ಕಥೆ ಕಟ್ಟುವ ಆಟಕ್ಕೆ ಕೂರುತ್ತಿದ್ದದ್ದು ನೆನಪಿದೆಯಲ್ಲ? ಜೆನಿಟಾ ಮತ್ತು ಕಾರ್ಕಳದ ಸುಹಾಸ್ ವೀರರ ಪಾತ್ರ ಹಿಡಿಯುವವರು. ಕಥೆ ನಡೆಸುವವಳು ನಾನು, ವೈರಿಗಳ ಮಾತೆಲ್ಲ ನನ್ನದು; ಯಾರ ಪೆಟ್ಟು ತಾಗುತ್ತದೆಂದು ಹೇಳುವುದು ದಾಳ. ಅಂದು ತಲೆಬುರುಡೆಯ ಸಿಂಹಾಸನದಲ್ಲಿ ಒಬ್ಬ ಮಾಂತ್ರಿಕನನ್ನು ಕೂರಿಸಿ, ಅವನ ಪರವಾಗಿ ಗಹಗಹಿಸುತ್ತಿದ್ದೆ. ನೀವು ಬನ್ಸಿನ ತಟ್ಟೆ ಇಟ್ಟು, ನಗು ತಡೆಯುತ್ತಾ, ವಾರ್ಡನ್ ಕನ್ನಡದಲ್ಲೇ ಕೇಳಿದಿರಿ: "ಇವನಿಗೆ ಬೇರೆ ಎಂತ ಕೆಲಸವೂ ಇಲ್ವಾ? ಇಡೀ ದಿನ ನಗುತ್ತಾ ಕೂತರೆ ಕೋಟೆ ನೋಡಿಕೊಳ್ಳುವುದು ಯಾರು ಮಾರಾಯ್ತಿ?" ಮುಂದಿನ ವಾರ ಅವನ ಹೆಸರು ಯಾರಿಗೂ ನೆನಪಿರಲಿಲ್ಲ, ನನಗೂ.

ನೀವು ತೀರಿಹೋದ ಮೇಲೆ ತಿಂಗಳುಗಟ್ಟಲೆ ದಾಳ ಮುಟ್ಟಲಿಲ್ಲ. ಮತ್ತೆ ಕೂತಾಗ ಹೊಸ ಖಳ ಬೇಕಾಯಿತು, ಆಗ ನೆನಪಾದದ್ದು ನೀವು ನನ್ನನ್ನು ಕಾಪು ಬೀಚಿಗೆ ಹೋಗಲು ಬಿಡದ ದಿನ. ಮೂರು ದಿನ ನಿಮ್ಮೊಡನೆ ಮಾತು ಬಿಟ್ಟಿದ್ದೆ. ಮೂರು ದಿನವೂ ಮೀನಿನ ದೊಡ್ಡ ತುಂಡು ನನ್ನ ತಟ್ಟೆಗೇ ಬಿತ್ತು. ಅಲ್ಲಿಂದಲೇ ಎದ್ದು ಬಂದಳು ನನ್ನ ಖಳನಾಯಕಿ, ಒಂದು ದ್ವೀಪದ ಒಡತಿ. ಕಡಲಲ್ಲಿ ಅಪಾಯವೆಂದು ಊರವರ ದೋಣಿಗಳನ್ನೆಲ್ಲ ಸುಟ್ಟವಳು. ಎಲ್ಲರ ಹೆಸರು ಬಲ್ಲಳು, ಸ್ವರ ಏರಿಸುವುದಿಲ್ಲ. ಬಂಧಿಗಳನ್ನು ಎದುರು ನಿಲ್ಲಿಸಿದಾಗ ಮೊದಲು ಕೇಳುವುದು, "ಊಟ ಆಯಿತಾ?" ನಾನು ಹಾಗೆ ಕೇಳಿದ ಕೂಡಲೇ ಸುಹಾಸ್ ಕುರ್ಚಿ ಹಿಂದಕ್ಕೆ ಸರಿಸಿದ. "ಇವಳು ಒಳ್ಳೆಯವಳಾ ಕೆಟ್ಟವಳಾ, ಮೊದಲು ಅದು ಹೇಳು." ನನಗೇ ಗೊತ್ತಿದ್ದರಲ್ಲವೇ...

ಬೇಸರವಾಯಿತೇ ಮಾಮಿ? ನಿಮ್ಮನ್ನು ಕೇಳದೆ ಮಾಡಿದ್ದು ತಪ್ಪು. ಆದರೆ ವಾರಕ್ಕೊಮ್ಮೆ ನನ್ನ ಬಾಯಿಂದ ನಿಮ್ಮ ಸ್ವರ ಬರುತ್ತಿತ್ತು, ಅದನ್ನು ಕೇಳಲೆಂದೇ ನಾನು ಭಾನುವಾರಕ್ಕೆ ಕಾಯುತ್ತಿದ್ದೆ.

ಕಳೆದ ಭಾನುವಾರ, ಮಣಿಪಾಲದ ನನ್ನ ರೂಮಿನಲ್ಲಿ, ಕೊನೆಯ ಯುದ್ಧ. ಅವಳು ಸತ್ತರೆ ಆ ಸ್ವರವೂ ಮುಗಿಯಿತು. ಕಥೆ ನಡೆಸುವವರು ದಾಳ ಹಾಕುವುದು ರಟ್ಟಿನ ಮರೆಯಲ್ಲಿ. ಬಿದ್ದದ್ದೊಂದು, ಹೇಳಿದ್ದೊಂದು ಆದರೂ ಯಾರಿಗೂ ತಿಳಿಯದು. ಆಸೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಲೂಡೋದಲ್ಲಿ ಮಕ್ಕಳಿಗೂ ಸೋತುಕೊಡದ ನಿಮ್ಮನ್ನು ಮೋಸದಿಂದ ಉಳಿಸಿಕೊಂಡರೆ ಉಳಿಯುವುದು ನೀವೇ ಹೌದೇ? ರಟ್ಟು ತೆಗೆದು ಬದಿಗಿಟ್ಟೆ.

"ಇದೆಂತ ಮಾಡುವುದು ನೀನು?" ಎಂದಳು ಜೆನಿಟಾ.

"ಎಲ್ಲರೂ ನೋಡಿಯೇ ಆಗಲಿ," ಎಂದೆ.

ಒಡತಿಯ ಜೀವದಲ್ಲಿ ಮೂರೇ ಅಂಕ ಉಳಿದಿತ್ತು, ಇನ್ನೊಂದು ಪೆಟ್ಟು ಸಾಕು. ಬೀಳ್ಕೊಡುವ ಮಾತನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಅವಳ ಪರವಾಗಿ ಇಪ್ಪತ್ತು ಮುಖದ ದಾಳ ಉರುಳಿಸಿದೆ, ಬಿದ್ದದ್ದು ಇಪ್ಪತ್ತು. ಅದಕ್ಕಿಂತ ದೊಡ್ಡ ಸಂಖ್ಯೆ ಆ ದಾಳದಲ್ಲಿಲ್ಲ. ಜೆನಿಟಾಳ ವೀರೆ ಬಿದ್ದಳು. ಸುಹಾಸನ ಕತ್ತಿ ಗುರಿ ತಪ್ಪಿತು. ಮತ್ತೆ ಉರುಳಿಸಿದೆ, ಹತ್ತೊಂಬತ್ತು. ಅವನ ವೀರನೂ ಬಿದ್ದ.

ಮಾಮಿ, ಗೆದ್ದದ್ದು ನೀವು. ನಾನು ಕುರ್ಚಿ ಬಿಟ್ಟು ಕುಣಿದೆ, ಕಥೆ ನಡೆಸುವವಳು ಕುಣಿಯಬಾರದು ಎಂಬುದೂ ಮರೆತುಹೋಯಿತು. ಆಮೇಲೆ ಅಳು ಬಂತು. ಅವಳು ಯಾರೆಂದು ಹೇಳಹೊರಟರೆ ಜೆನಿಟಾ ತಡೆದಳು. "ನಮಗೆ ಮೊದಲ ದಿನವೇ ಗೊತ್ತಾಗಿತ್ತು. ನಿನ್ನ ಮಾಮಿ ಅಲ್ವಾ?" ಸುಹಾಸ್ ಅಷ್ಟರಲ್ಲೇ ಖಾಲಿ ಹಾಳೆ ಎಳೆದುಕೊಂಡು ಹೊಸ ವೀರನ ಹೆಸರು ಬರೆಯುತ್ತಿದ್ದ.

ಬರುವ ಭಾನುವಾರ ಇಬ್ಬರೂ ಮತ್ತೆ ನಿಮ್ಮ ಮೇಲೆ ದಂಡೆತ್ತಿ ಬರುತ್ತಾರೆ. ನಿಮ್ಮ ಬಲ ಒಂದು ಚೂರೂ ಹೆಚ್ಚಿಸುವುದಿಲ್ಲ, ಒಂದು ಚೂರೂ ಇಳಿಸುವುದಿಲ್ಲ. ಅವರು ನಿಜವಾಗಿ ಗೆಲ್ಲುವವರೆಗೆ ನೀವು ನಮ್ಮೊಡನೆ ಇರುತ್ತೀರಿ.